ಇಲ್ಲ ಅನ್ನೋದೇ ಇಲ್ಲ

ಟರ್ಕಿಯ ಧಾರಾವಾಹಿಗಳ ಗೀಳು ನಮ್ಮ ಬೀದಿಗೂ ಬಂದಿದೆ. 2015ರಲ್ಲಿ ‘ಫೆರಿಹಾ’ ಹಿಂದಿಗೆ ಡಬ್ ಆಗಿ ಟಿವಿಯಲ್ಲಿ ಬಂದಾಗ ಹಿಡಿದದ್ದು, ಆಮೇಲೆ ‘ಎರ್ತುಗ್ರುಲ್’ ಬಂದ ಮೇಲೆ ಬಿಡಲೇ ಇಲ್ಲ. ಪಕ್ಕದ ಮನೆಯ ಅಕ್ಕನಿಗೆ ಡಬ್ ಮಾಡಿದ ದನಿ ಸೇರುವುದಿಲ್ಲ. ಮೂಲ ಮಾತು ಕಿವಿಗೆ ಬೀಳಬೇಕು, ಕೆಳಗೆ ಇಂಗ್ಲಿಷ್ ಸಾಲು ಓಡಬೇಕು. ಬಟ್ಟೆ ಒಣಹಾಕುತ್ತಾ ಕಾಂಪೌಂಡಿನಾಚೆಯಿಂದ ಕೇಳಿದರು: “ಅದೇನ್ರೀ ಅದು, ಮಾತಿಗೊಮ್ಮೆ ಯೊಕ್ ಯೊಕ್ ಅಂತಾರೆ? ಕೆಳಗೆ ನೋಡಿದ್ರೆ ಒಂದು ಸಲ ನೋ, ಒಂದು ಸಲ ನಥಿಂಗ್, ಒಂದು ಸಲ ಐ ಡೋಂಟ್ ಹ್ಯಾವ್. ಒಂದೇ ಮಾತಿಗೆ ಇಷ್ಟು ಅರ್ಥ ಇರುತ್ತಾ?”

ಅರ್ಥ ಅಷ್ಟೊಂದಿಲ್ಲ ಅಕ್ಕಾ, ಇಂಗ್ಲಿಷಿನಲ್ಲಿ ಅದಕ್ಕೆ ಒಂದು ಮಾತಿಲ್ಲ, ಅಷ್ಟೇ. ಯೊಕ್ ಅಂದರೆ ನಮ್ಮ ‘ಇಲ್ಲ’. ಅದರ ಜೋಡಿ ‘ವಾರ್’, ಅಂದರೆ ‘ಇದೆ’. ಟರ್ಕಿಶ್ ಕೇಳುವ ಕನ್ನಡದವರು ಇಂಗ್ಲಿಷನ್ನು ನಡುವೆ ಕೂರಿಸಿಕೊಂಡರೆ ಸುತ್ತಿ ಬಳಸಿ ಹೋಗಬೇಕಾಗುತ್ತದೆ. ನಮ್ಮ ಮನೆ ಬಾಗಿಲಿಂದ ಅವರ ಮನೆ ಬಾಗಿಲಿಗೆ ನೇರ ದಾರಿ ಇದೆ. ಇದನ್ನು ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ, ಏಕೆಂದರೆ ನಮ್ಮಲ್ಲಿ ಯಾವ ಹೊರನಾಡಿನ ಭಾಷೆ ಕಲಿಯುವುದಕ್ಕೂ ಮೊದಲು ಇಂಗ್ಲಿಷಿನ ಕದ ತಟ್ಟಬೇಕು ಅನ್ನುವ ನಂಬಿಕೆ ಬೇರೂರಿಬಿಟ್ಟಿದೆ.

ಧಾರಾವಾಹಿಯಲ್ಲೇ ನೋಡಿ. ಮಗಳು ಕಣ್ಣು ಕೆಂಪಗೆ ಮಾಡಿಕೊಂಡು ಅಡುಗೆಮನೆಗೆ ಬರುತ್ತಾಳೆ. ತಾಯಿ ತಿರುಗಿ ನೋಡಿ “ನೇಯಿನ್ ವಾರ್?” ಅನ್ನುತ್ತಾಳೆ. ಪದಕ್ಕೆ ಪದ ಇಟ್ಟರೆ ‘ನಿನ್ನದೇನಿದೆ’, ನಮ್ಮ ಮಾತಲ್ಲಿ ‘ಏನಾಯ್ತೇ ನಿನಗೆ?’ ಮಗಳು ಮುಖ ತಿರುಗಿಸಿ “ಯೊಕ್ ಬಿರ್ ಶೇ” ಅನ್ನುತ್ತಾಳೆ. ಕೆಳಗೆ ಇಂಗ್ಲಿಷ್ ಸಾಲು ‘ಐ ಆಮ್ ಫೈನ್’ ಅನ್ನುತ್ತದೆ. ಹುಡುಗಿ ಹೇಳಿದ್ದು ಅದಲ್ಲ. ಅವಳು ಹೇಳಿದ್ದು “ಏನಿಲ್ಲ.” ಈ ‘ಏನಿಲ್ಲ’ ನಮ್ಮ ಮನೆಗಳಲ್ಲಿ ಎಷ್ಟು ಭಾರ ಹೊತ್ತಿರುತ್ತದೆ ಅನ್ನುವುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಏನೋ ಇದೆ, ಈಗ ಕೇಳಬೇಡ, ಆದರೆ ಕೇಳದೆಯೂ ಇರಬೇಡ. ತಾಯಿ ಒಲೆ ಸಣ್ಣಗೆ ಮಾಡಿ ಮಗಳ ಪಕ್ಕ ಕೂರುವುದು ಅದಕ್ಕೇ. ‘ಐ ಆಮ್ ಫೈನ್’ ಎಂದು ಓದಿಕೊಂಡವರಿಗೆ ತಾಯಿ ಯಾಕೆ ಕೂತಳು ಅನ್ನುವುದು ತಡವಾಗಿ ಗೊತ್ತಾಗುತ್ತದೆ. ‘ಏನಿಲ್ಲ’ ಎಂದು ಕೇಳಿಸಿಕೊಂಡವರಿಗೆ ಆಗಲೇ ಗೊತ್ತು.

ಇಂಗ್ಲಿಷಿನ ತೊಡಕು ಏನೆಂದರೆ, ಅಲ್ಲಿ ಎಲ್ಲವನ್ನೂ ಯಾರಾದರೂ ಹಿಡಿದುಕೊಂಡಿರಬೇಕು. ದುಡ್ಡನ್ನು ‘ಹ್ಯಾವ್’ ಮಾಡುತ್ತಾರೆ, ಸಮಯವನ್ನು ‘ಹ್ಯಾವ್’ ಮಾಡುತ್ತಾರೆ, ತಲೆನೋವನ್ನೂ, ಅಣ್ಣತಮ್ಮಂದಿರನ್ನೂ ‘ಹ್ಯಾವ್’ ಮಾಡುತ್ತಾರೆ. ನಾವು ಹಾಗಲ್ಲ. ನಮಗೆ ದುಡ್ಡು ಇರುತ್ತದೆ ಅಥವಾ ಇರುವುದಿಲ್ಲ, ಪುರುಸೊತ್ತು ಇರುತ್ತದೆ ಅಥವಾ ಇಲ್ಲ. ಟರ್ಕಿಯವರೂ ಹಾಗೇ. ‘ಪರಾಮ್ ಯೊಕ್’ ಅಂದರೆ ‘ನನ್ನ ದುಡ್ಡು ಇಲ್ಲ’, ಅಂದರೆ ನನ್ನ ಹತ್ತಿರ ದುಡ್ಡಿಲ್ಲ. ‘ವಕ್ತಿನ್ ವಾರ್ ಮಿ?’ ಅಂದರೆ ‘ಪುರುಸೊತ್ತು ಇದೆಯಾ?’ ಆ ‘ಮಿ’ ನಮ್ಮ ‘ಆ’ಕಾರವೇ. ‘ಇದೆ’ಗೆ ‘ಆ’ ಹಚ್ಚಿ ನಾವು ‘ಇದೆಯಾ’ ಅಂದ ಹಾಗೆ ಅವರು ‘ವಾರ್’ ಆದ ಮೇಲೆ ‘ಮಿ’ ಅಂದು ಪ್ರಶ್ನೆ ಮಾಡುತ್ತಾರೆ. ‘ಡೂ ಯು’ ‘ಡಸ್ ಹಿ’ ‘ಇಸ್ ದೇರ್’ ಅಂತ ವಾಕ್ಯದ ತಲೆಯನ್ನೆಲ್ಲ ಕದಲಿಸುವ ಕೆಲಸ ಇಲ್ಲ.

ಇನ್ನೊಂದು ಹೇಳಿದರೆ ಆಶ್ಚರ್ಯಪಡುತ್ತೀರಿ. ನಮಗೆ ‘ಇಲ್ಲ’ ಬೇರೆ, ‘ಅಲ್ಲ’ ಬೇರೆ. ಮೇಷ್ಟ್ರಿಲ್ಲ ಅಂದರೆ ರಜಾ, ಮೇಷ್ಟ್ರಲ್ಲ ಅಂದರೆ ಅವರು ಗುಮಾಸ್ತರಿರಬಹುದು. ಇದನ್ನು ಹೊರಗಿನವರಿಗೆ ಕಲಿಸಲು ಹೋದವರಿಗೆ ಗೊತ್ತು, ಎಷ್ಟು ಹೇಳಿದರೂ ‘ನಾನು ಡಾಕ್ಟರ್ ಇಲ್ಲ’ ಅಂತಲೇ ಬರುತ್ತದೆ. ಟರ್ಕಿಯವರಿಗೆ ಈ ಭೇದ ಹುಟ್ಟಿನಿಂದಲೇ ಗೊತ್ತು. ‘ಓರೆತ್‌ಮೆನ್ ಯೊಕ್’ ಅಂದರೆ ಮೇಷ್ಟ್ರಿಲ್ಲ, ‘ಓರೆತ್‌ಮೆನ್ ದೆಯಿಲ್’ ಅಂದರೆ ಮೇಷ್ಟ್ರಲ್ಲ. ದೆಯಿಲ್ ಅನ್ನುವುದು ಅವರ ‘ಅಲ್ಲ’. ಅದಕ್ಕೆ ‘ಮಿ’ ಹಚ್ಚಿ, ‘ದೆಯಿಲ್ ಮಿ?’ ಏನಾಯಿತು? “ಅಲ್ವಾ?” ಅಕ್ಷರಶಃ ಅದೇ, ಬಳಸುವುದೂ ಹಾಗೇ. ಚೆನ್ನಾಗಿದೆ, ಅಲ್ವಾ? ನಾಳೆ ಬರ್ತೀರಿ, ಅಲ್ವಾ? ಅವರು ಹೋದ ವರ್ಷ ತೀರಿಕೊಂಡರು, ಅಲ್ವಾ? ಇಂಗ್ಲಿಷಿನಲ್ಲಿ ಈ ಮೂರಕ್ಕೂ ಮೂರು ಬಾಲ ಬೇಕು: ಇಸಿಂಟ್ ಇಟ್, ವೋಂಟ್ ಯು, ಡಿಡಿಂಟ್ ಹಿ. ನಮ್ಮವರು ಎಲ್ಲಕ್ಕೂ ‘ಇಸಿಂಟ್ ಇಟ್’ ಅಂದುಬಿಟ್ಟರೆ ಶಾಲೆಯಲ್ಲಿ ಕೆಂಪು ಗೆರೆ ಬೀಳುತ್ತಿತ್ತು. ಅದರ ಹಿಂದೆ ಇದ್ದದ್ದು ನಮ್ಮ ‘ಅಲ್ವಾ’ ಅನ್ನುವುದನ್ನು ಯಾರೂ ಹೇಳಲಿಲ್ಲ. ಒಂದೇ ಬಾಲದಲ್ಲಿ ಎಲ್ಲ ಕೆಲಸ ಮುಗಿಸುವ ಭಾಷೆಗಳು ಬೇಕಾದಷ್ಟಿವೆ, ಅದರಲ್ಲಿ ಅವಮಾನಪಡುವಂಥದ್ದು ಏನೂ ಇಲ್ಲ.

“ಹಾಗಾದ್ರೆ ಅವರೂ ನಾವೂ ಒಂದು ಕಾಲದಲ್ಲಿ ನೆಂಟರೇನು?” ಅಂತ ಅಕ್ಕ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದಾಗ ನಮ್ಮ ಭಾಷೆಗಳನ್ನು ಟರ್ಕಿಶ್ ಮೊದಲಾದವುಗಳ ಜೊತೆ ‘ಸಿಥಿಯನ್’ ಅನ್ನುವ ದೊಡ್ಡ ಗುಂಪಿಗೆ ಹತ್ತಿರ ಇಟ್ಟು ನೋಡಿದ್ದರು. ಪ್ರತ್ಯಯದ ಮೇಲೆ ಪ್ರತ್ಯಯ ಅಂಟಿಸುತ್ತಾ ಹೋಗುವುದು, ಕ್ರಿಯಾಪದ ಕೊನೆಗೆ ಬರುವುದು ಎರಡೂ ಕಡೆ ಒಂದೇ ಥರ. ‘ಎವ್‌ಲೆರಿಮಿಝ್‌ದೆ’ ಅನ್ನುವ ಒಂದು ಪದದಲ್ಲಿ ‘ನಮ್ಮ ಮನೆಗಳಲ್ಲಿ’ ಪೂರ್ತಿ ಅಡಗಿದೆ. ಆದರೆ ಹೋಲಿಕೆ ಬೇರೆ, ನೆಂಟಸ್ತನ ಬೇರೆ. ಇವತ್ತಿನ ಭಾಷಾವಿಜ್ಞಾನಿಗಳು ಆ ಗುಂಪನ್ನು ಒಪ್ಪುವುದಿಲ್ಲ. ನಮ್ಮ ‘ಇಲ್ಲ’ ನಮ್ಮದು, ಅವರ ‘ಯೊಕ್’ ಅವರದು. ಅದು ಎಷ್ಟು ಹಳೆಯದೆಂದರೆ ಮಂಗೋಲಿಯಾದ ಓರ್ಖೋನ್ ಕಣಿವೆಯಲ್ಲಿ 732ರಲ್ಲಿ ನಿಲ್ಲಿಸಿದ ಕುಲ್ ತೆಗಿನ್ ಶಾಸನದಲ್ಲೇ ಇದೆ. 1893ರಲ್ಲಿ ಡೆನ್ಮಾರ್ಕಿನ ವಿಲ್ಹೆಲ್ಮ್ ಥಾಮ್ಸನ್ ಆ ಲಿಪಿಯನ್ನು ಬಿಡಿಸಿ ಓದಿದರು. ಜನಾಂಗ ನಾಶವಾಗಬಾರದು ಅನ್ನುವುದನ್ನು ಆ ಕಲ್ಲು ‘ಯೊಕ್ ಆಗಬಾರದು’ ಅನ್ನುತ್ತದೆ. ಇವತ್ತಿಗೂ ಟರ್ಕಿಯಲ್ಲಿ ‘ಯೊಕ್ ಓಲ್ಮಾಕ್’ ಅಂದರೆ ಕಣ್ಮರೆಯಾಗುವುದು. ನಮ್ಮಲ್ಲಿ ಇಲ್ಲವಾಗುವುದು.

ಹಾಗಂತ ಅವರ ಮಾತು ನಮ್ಮ ಕಡೆ ಬಂದೇ ಇಲ್ಲವೇ ಅಂದರೆ, ಧಾರಾಳವಾಗಿ ಬಂದಿದೆ. ವಿಜಯಪುರದ ಬುರುಜಿನ ಮೇಲಿರುವ ಮಲಿಕ್-ಇ-ಮೈದಾನ್ ತೋಪನ್ನು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದವನ ಹೆಸರಿನಲ್ಲಿ ‘ರೂಮಿ’ ಇದೆ, ಅಂದರೆ ಟರ್ಕಿ ಸೀಮೆಯವನು. ಆ ‘ತೋಪು’ ಕೂಡ ಅಲ್ಲಿನದೇ ಮಾತು. ಖಜಾಂಚಿಯ ಕೊನೆಯ ‘ಚಿ’ ನೋಡಿ, ನಮ್ಮ ‘ಗಾರ’ ಇದ್ದ ಹಾಗೆ ಅವರಿಗೆ ‘ಚಿ’. ಬಾಲಿಕ್ ಅಂದರೆ ಮೀನು, ಬಾಲಿಕ್‌ಚಿ ಅಂದರೆ ಮೀನುಗಾರ. ಸೈನ್ಯದ ಜೊತೆ, ವ್ಯಾಪಾರದ ಜೊತೆ ಇಂಥ ಮಾತುಗಳು ಊರೂರು ಸುತ್ತುತ್ತವೆ. ‘ಇದೆ’ ‘ಇಲ್ಲ’ಗಳು ಹಾಗೆ ಸುಲಭವಾಗಿ ಮನೆ ಬಿಟ್ಟು ಹೊರಡುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ‘ಇಲ್ಲ’ದ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ‘ನೋ’ಗೆ ಟರ್ಕಿಶ್ ಏನು ಅಂತ ನಿಘಂಟು ತೆಗೆದರೆ ಮೊದಲು ಸಿಗುವುದು ಯೊಕ್ ಅಲ್ಲ, ‘ಹಾಯಿರ್’. ಇದು ಅರಬ್ಬಿಯ ‘ಖೈರ್’, ಅಂದರೆ ಒಳ್ಳೆಯದು, ಶುಭ. ಖೈರಿಯತ್ ಅನ್ನುತ್ತಾರಲ್ಲ, ಅದೇ. ಇಲ್ಲ ಅನ್ನಬೇಕಾದ ಕಡೆ ‘ಒಳ್ಳೆಯದಾಗಲಿ’ ಅಂದು ಅಂದು ಅದೇ ‘ಇಲ್ಲ’ ಆಗಿಬಿಟ್ಟಿದೆ. ಈಗಲೂ ಟರ್ಕಿಶ್‌ನಲ್ಲಿ ಹಾಯಿರ್ ಅಂದರೆ ‘ಇಲ್ಲ’ವೂ ಹೌದು, ದಾನಧರ್ಮವೂ ಹೌದು. ಇಂಗ್ಲಿಷ್ ಮೂಲಕ ಬಂದವರಿಗೆ ಇದು ವಿಚಿತ್ರ. ನಮಗೆ? ಬಳೆ ಒಡೆದರೆ ‘ಬಳೆ ಹೆಚ್ಚಿತು’ ಅನ್ನುವವರು ನಾವು. ದೀಪ ಆರಿಸು ಅನ್ನದೆ ‘ದೀಪ ಶಾಂತ ಮಾಡು’ ಅನ್ನುತ್ತೇವೆ. ಹೋಗ್ತೀನಿ ಅನ್ನಬಾರದು, ಹೋಗಿ ಬರ್ತೀನಿ ಅನ್ನಬೇಕು. ಮುಸ್ಸಂಜೆ ಹೊತ್ತಲ್ಲಿ ಮನೆಯಲ್ಲಿ ಅಕ್ಕಿ ಇಲ್ಲ, ಎಣ್ಣೆ ಇಲ್ಲ ಅಂದರೆ ಅಜ್ಜಿ ಬಾಯಿ ಮುಚ್ಚಿಸುತ್ತಿದ್ದರು, ಅಸ್ತು ದೇವತೆಗಳು ಓಡಾಡುವ ಹೊತ್ತು, ಅವರು ಅಸ್ತು ಅಂದರೆ ನಿಜವಾಗಿಯೂ ಇಲ್ಲದೇ ಹೋದೀತು ಅಂತ. ಕೈಚಾಚಿದವರಿಗೆ ಕೊಡಲಾಗದಿದ್ದರೆ ಟರ್ಕಿಯವರು ಇಲ್ಲ ಅನ್ನುವುದಿಲ್ಲ, “ಅಲ್ಲಾ ವೆರ್ಸಿನ್” ಅನ್ನುತ್ತಾರೆ, ದೇವರು ಕೊಡಲಿ. ನಾವು “ಮುಂದೆ ಹೋಗಪ್ಪಾ” ಅನ್ನುತ್ತೇವೆ. ಎರಡೂ ಕಡೆ ಬಾಯಿಗೆ ‘ಇಲ್ಲ’ದ ಅಂಜಿಕೆ ಇದೆ.

ಟರ್ಕಿಯ ಅಂಗಡಿಯವನು ಮಾತ್ರ ಆ ಅಂಜಿಕೆಯನ್ನೇ ತಿರುಗಿಸಿ ಜಾಹೀರಾತು ಮಾಡಿಕೊಂಡಿದ್ದಾನೆ. “ಯೊಕ್ ಯೊಕ್!” ಇದನ್ನು ಕೇಳಿದ ಇಂಗ್ಲಿಷಿನವರು ಎರಡು ಸಲ ‘ನೋ’ ಅಂದುಕೊಂಡು ಮುಂದೆ ಹೋಗಬಹುದು. ಅವನು ಕರೆಯುತ್ತಿರುವುದು ‘ಬನ್ನಿ, ನಮ್ಮಲ್ಲಿ ಇಲ್ಲ ಅನ್ನೋದೇ ಇಲ್ಲ’ ಅಂತ. ಸಾವಿರಾರು ಮಳಿಗೆಗಳಿರುವ ಇಸ್ತಾಂಬುಲ್ಲಿನ ಕಪಾಲಿ ಚಾರ್ಶಿಗೆ, ಅಂದರೆ ಮುಚ್ಚಿದ ಬಜಾರಿಗೆ, ಈ ಮಾತು ನಿಜಕ್ಕೂ ಒಪ್ಪುತ್ತದೆ.

ಈಗ ‘ವಾರ್’ ಕಡೆ ಬನ್ನಿ. ವಾರ್‌ಗೆ ‘ಲಿಕ್’ ಸೇರಿಸಿದರೆ ‘ವಾರ್ಲಿಕ್’, ಇರುವಿಕೆ. ಸಾರ್ತ್ರನ ದೊಡ್ಡ ತತ್ವಶಾಸ್ತ್ರದ ಗ್ರಂಥ ಟರ್ಕಿಶ್‌ಗೆ ಬಂದಾಗ ‘ಬೀಯಿಂಗ್’ ಅನ್ನುವುದಕ್ಕೆ ಇಟ್ಟದ್ದು ಇದೇ ಮಾತು. 1933ರಲ್ಲಿ ಶುರುವಾಗಿ ಇಂದಿಗೂ ಹೆಸರು ಮಾಡಿರುವ ಸಾಹಿತ್ಯ ಪತ್ರಿಕೆಯ ಹೆಸರೂ ‘ವಾರ್ಲಿಕ್’. ಆದರೆ ಅದೇ ವಾರ್ಲಿಕ್ ಅಂದರೆ ಸಿರಿವಂತಿಕೆ, ಆಸ್ತಿ. ವಾರ್ಲಿಕ್ಲಿ ಅಂದರೆ ಉಳ್ಳವರು, ಅದರ ಎದುರಿನ ಯೊಕ್ಲುಕ್ ಅಂದರೆ ಬಡತನ. ನಿಘಂಟು ನೋಡಿದ ಇಂಗ್ಲಿಷ್ ವಿದ್ಯಾರ್ಥಿಗೆ ಇರುವಿಕೆಗೂ ಹಣಕ್ಕೂ ಏನು ಸಂಬಂಧ ಅನ್ನಿಸುತ್ತದೆ. ಕನ್ನಡದವರಿಗೆ ಕೇಳಬೇಕಾಗಿಯೇ ಇಲ್ಲ. ‘ಉಳ್’ ಅಂದರೆ ಇರು, ಉಳ್ಳವರು ಅಂದರೆ ದುಡ್ಡಿರುವವರು, ಇಲ್ಲದವರು ಅಂದರೆ ಬಡವರು. ಏನು ಇಲ್ಲದವರು ಅಂತ ನಾವು ಬಿಡಿಸಿ ಹೇಳುವುದೂ ಇಲ್ಲ. ‘ಆಸ್ತಿ’ ತಾನೇ ಎಲ್ಲಿಂದ ಬಂತು? ಸಂಸ್ಕೃತದ ‘ಅಸ್ತಿ’, ‘ಇದೆ’.

ಈ ಪದಕ್ಕೆ ಒಂದು ಕರಾಳ ಮುಖವೂ ಇದೆ. 1942ರ ನವೆಂಬರಿನಲ್ಲಿ, ಯುದ್ಧಕಾಲದಲ್ಲಿ, ಟರ್ಕಿ ಸರ್ಕಾರ ‘ವಾರ್ಲಿಕ್ ವೆರ್ಗಿಸಿ’ ಅನ್ನುವ ತೆರಿಗೆ ಹಾಕಿತು. ಇಂಗ್ಲಿಷ್ ಪುಸ್ತಕಗಳು ‘ವೆಲ್ತ್ ಟ್ಯಾಕ್ಸ್’ ಅನ್ನುತ್ತವೆ. ನಡೆದದ್ದು ಏನೆಂದರೆ, ಇಸ್ತಾಂಬುಲ್ಲಿನ ಗ್ರೀಕರು, ಅರ್ಮೇನಿಯನ್ನರು, ಯಹೂದಿಗಳ ಮೇಲೆ ಮುಸ್ಲಿಂ ವ್ಯಾಪಾರಿಗಳ ತೆರಿಗೆಯ ಎಷ್ಟೋ ಪಟ್ಟು ಹೇರಿದರು. ಹದಿನೈದು ದಿನದಲ್ಲಿ ಕಟ್ಟಬೇಕು. ಅಂಗಡಿ, ಮನೆ, ಪಾತ್ರೆಪಗಡಿ ಹರಾಜಿಗೆ ಬಂದವು. ಕಟ್ಟಲಾಗದವರನ್ನು ಪೂರ್ವದ ಚಳಿಸೀಮೆ ಆಶ್ಕಾಲೆಗೆ ಒಯ್ದು ರಸ್ತೆಯ ಹಿಮ ಬಾಚುವ ಕೆಲಸಕ್ಕೆ ಹಚ್ಚಿದರು. ಅಲ್ಲೇ ಸತ್ತವರೂ ಇದ್ದಾರೆ. 1944ರ ಮಾರ್ಚಿನಲ್ಲಿ ಕಾನೂನು ರದ್ದಾಯಿತು, ಕಳೆದದ್ದು ವಾಪಸು ಬರಲಿಲ್ಲ, ಎಷ್ಟೋ ಮನೆತನಗಳು ದೇಶ ಬಿಟ್ಟವು. ಅದನ್ನು ಆಸ್ತಿ ತೆರಿಗೆ ಅಂತ ಕನ್ನಡಿಸಬಹುದು, ತಪ್ಪಿಲ್ಲ. ಆದರೆ ಆ ಜನ ಅದನ್ನು ಕೇಳಿಸಿಕೊಂಡಾಗ ‘ಇರುವಿಕೆಗೇ ತೆರಿಗೆ’ ಅನ್ನುವ ಅರ್ಥವೂ ಅದರಲ್ಲಿ ಇದ್ದೇ ಇತ್ತು. ವೆಲ್ತ್ ಟ್ಯಾಕ್ಸ್ ಅಂದಾಗ ಅದು ಕೇಳಿಸುವುದಿಲ್ಲ, ಇದು ನನಗೆ ಸಣ್ಣ ನಷ್ಟ ಅನ್ನಿಸುವುದಿಲ್ಲ.

ವಾರ್ ಅನ್ನುವ ಮಾತು ಇಡೀ ದೇಶದ ಎದೆಗೆ ಬಿದ್ದದ್ದು 1999ರ ಆಗಸ್ಟ್ 17ರ ಭೂಕಂಪದಲ್ಲಿ. ಬೆಳಗಿನ ಜಾವ ಮೂರು ಗಂಟೆಗೆ ಇಜ್ಮಿತ್ ಸುತ್ತಿನ ಊರುಗಳು ಕುಸಿದವು. ಅಧಿಕೃತ ಲೆಕ್ಕದಲ್ಲೇ ಹದಿನೇಳು ಸಾವಿರಕ್ಕೂ ಹೆಚ್ಚು ಜನ ಹೋದರು. ಅವಶೇಷದ ಮೇಲೆ ನಿಂತ ರಕ್ಷಣಾ ಕೆಲಸದವರು ಕೈ ಎತ್ತಿದರೆ ಜನರೇಟರ್ ನಿಲ್ಲುತ್ತಿತ್ತು, ಜನ ಮಾತು ನಿಲ್ಲಿಸುತ್ತಿದ್ದರು. ಆಗ ಒಬ್ಬ ಬಿರುಕಿಗೆ ಬಾಯಿಟ್ಟು ಕೂಗುತ್ತಿದ್ದ: “ಸೆಸಿಮಿ ದುಯಾನ್ ವಾರ್ ಮಿ?” ನನ್ನ ದನಿ ಕೇಳುವವರು ಇದ್ದಾರಾ? 2023ರ ಫೆಬ್ರವರಿ 6ರಂದು ಕಹ್ರಮಾನ್‌ಮರಾಶ್ ಸೀಮೆ ನಡುಗಿ ಟರ್ಕಿಯಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಜನ ಸತ್ತಾಗ ಮತ್ತೆ ಅದೇ ಕೂಗು. ‘ಕ್ಯಾನ್ ಎನಿವನ್ ಹಿಯರ್ ಮಿ’ ಅಂತ ಸುದ್ದಿವಾಹಿನಿಗಳು ಬರೆದವು. ಅದು ಕೇಳಿಸುತ್ತದೆಯೇ ಅನ್ನುವ ಪ್ರಶ್ನೆ. ಟರ್ಕಿಶ್ ಕೇಳಿದ್ದು ಇದ್ದೀರಾ ಅಂತ. ಆ ಸಲ ನಮ್ಮ ದೇಶದಿಂದ ಹೋದ ಎನ್‌ಡಿಆರ್‌ಎಫ್ ತಂಡಗಳು, ಇಸ್ಕೆಂದರೂನ್‌ನಲ್ಲಿ ಆಸ್ಪತ್ರೆ ತೆರೆದ ಸೈನ್ಯದ ವೈದ್ಯರು, ಇವರ ಕೆಲಸಕ್ಕೆ ‘ಆಪರೇಷನ್ ದೋಸ್ತ್’ ಅಂತ ಹೆಸರಿಟ್ಟಿದ್ದರು. ದೋಸ್ತ್ ಅನ್ನುವುದು ಅಲ್ಲಿಗೂ ಇಲ್ಲಿಗೂ ಒಂದೇ, ಅನುವಾದ ಬೇಕಾಗಲಿಲ್ಲ. ಹೆಸರಿಟ್ಟವರಿಗೆ ಈ ವಿಷಯದಲ್ಲಿ ನಾನು ಋಣಿ.

ಎಲ್ಲ ಕಡೆಯೂ ಯೊಕ್ ಮತ್ತು ಇಲ್ಲ ಹೆಜ್ಜೆಗೆ ಹೆಜ್ಜೆ ಹಾಕುತ್ತವೆ ಅಂದುಕೊಳ್ಳಬೇಡಿ. ‘ಬರಲಿಲ್ಲ’ ಅನ್ನುವಾಗ ನಾವು ‘ಇಲ್ಲ’ವನ್ನೇ ಕರೆಯುತ್ತೇವೆ, ಅವರು ‘ಗೆಲ್‌ಮೆದಿ’ ಅಂತ ಕ್ರಿಯಾಪದದ ನಡುವೆ ಒಂದು ‘ಮೆ’ ತೂರಿಸಿ ಮುಗಿಸುತ್ತಾರೆ. ನಮ್ಮ ‘ಬೇಡ’ದಂಥ ಒಂದು ಮಾತು ಅವರ ಹತ್ತಿರ ಇಲ್ಲ. ಚಹಾ ಬೇಕಾ ಅಂದರೆ ಅವರು “ಯೊಕ್, ಸಾವೋಲ್” ಅಂದುಬಿಡುತ್ತಾರೆ. ಅಲ್ಲಿ ಯೊಕ್‌ಗೆ ‘ಇಲ್ಲ’ ಅಂತ ಕನ್ನಡ ಮಾಡಿದರೆ ಕೆಟ್ಟ ಕನ್ನಡ, ‘ಬೇಡ’ ಅಂತಲೇ ಬರೆಯಬೇಕು. ಸಾವೋಲ್ ಅಂದರೆ ಥ್ಯಾಂಕ್ಸ್ ಅಂತ ಇಂಗ್ಲಿಷ್ ಸಾಲು ಹೇಳುತ್ತದೆ, ಅದರ ಒಳಗಿರುವುದು ‘ಆರೋಗ್ಯವಾಗಿರು’, ನಮ್ಮ ಹಿರಿಯರ ‘ಚೆನ್ನಾಗಿರಪ್ಪಾ’. ಇನ್ನು ಕೆಲವರು ಬಾಯಿಯನ್ನೇ ತೆರೆಯುವುದಿಲ್ಲ. ಹುಬ್ಬು ಮೇಲೆತ್ತಿ, ತಲೆಯನ್ನು ಚೂರು ಹಿಂದಕ್ಕೆ ಹಾಕಿ, ನಾಲಗೆಯಲ್ಲಿ ‘ಚ್ಕ್’ ಅಂದರೆ ಅದೂ ಯೊಕ್. ನಾವು ಅಯ್ಯೋ ಪಾಪ ಅನ್ನುವುದಕ್ಕೆ ಮಾಡುವ ಸದ್ದು ಅಲ್ಲಿ ‘ಇಲ್ಲ’. ಬಸ್ಸಿನ ಕಂಡಕ್ಟರ್ ಹಾಗೆ ಮಾಡಿದರೆ ನಿಮ್ಮ ಮೇಲೆ ಕನಿಕರಪಟ್ಟ ಅಂದುಕೊಳ್ಳಬೇಡಿ, ಸೀಟಿಲ್ಲ ಅಂದ.

ಅಜ್ಜಿಕಥೆಯ ಮೊದಲ ಮಾತಿನಲ್ಲಿ ಮತ್ತೆ ಇಬ್ಬರೂ ಹತ್ತಿರ ಬರುತ್ತೇವೆ. ಅಲ್ಲಿ ಕಥೆ ಶುರುವಾಗುವುದು “ಬಿರ್ ವಾರ್ಮಿಶ್, ಬಿರ್ ಯೊಕ್ಮುಶ್” ಅಂತ. ಒಮ್ಮೆ ಇತ್ತಂತೆ, ಒಮ್ಮೆ ಇರಲಿಲ್ಲವಂತೆ. ಇಂಗ್ಲಿಷ್‌ನವರು ‘ಒನ್ಸ್ ಅಪಾನ್ ಎ ಟೈಮ್’ ಹಾಕಿ ಕೈತೊಳೆದುಕೊಳ್ಳುತ್ತಾರೆ. ನಿಜವಾದ ಚೆಲುವು ಇರುವುದು ಆ ‘ಮಿಶ್’ನಲ್ಲಿ. ಕಣ್ಣಾರೆ ಕಂಡದ್ದಕ್ಕೆ ಒಂದು ರೂಪ, ಕೇಳಿ ತಿಳಿದದ್ದಕ್ಕೆ, ಆಮೇಲೆ ಗೊತ್ತಾದದ್ದಕ್ಕೆ ಇನ್ನೊಂದು ರೂಪ. ನನ್ನ ಕಣ್ಣೆದುರೇ ಬಂದರೆ ‘ಗೆಲ್ದಿ’, ಬಂದದ್ದು ಯಾರೋ ಹೇಳಿದ್ದಾದರೆ ‘ಗೆಲ್ಮಿಶ್’. ಬಂದ, ಬಂದನಂತೆ. ಒಬ್ಬ ರಾಜ ಇದ್ದನಂತೆ, ಅವನಿಗೆ ಮಕ್ಕಳಿರಲಿಲ್ಲವಂತೆ ಅಂತ ‘ಅಂತೆ’ಯ ಮೇಲೆ ಕಥೆ ಕಟ್ಟುವ ನಮಗೆ ಇದನ್ನು ಯಾರಾದರೂ ಇಂಗ್ಲಿಷಿನ ‘ಅಪ್ಯಾರೆಂಟ್ಲಿ’ ಮೂಲಕ ಕಲಿಸಬೇಕೇ?

ಅದಕ್ಕೇ ನನಗೆ ಒಂದು ನೇರ ಟರ್ಕಿಶ್–ಕನ್ನಡ ಪದಕೋಶ ಬೇಕು ಅನ್ನುವ ಹಂಬಲ. 1826ರಲ್ಲಿ ಹದಿಹರೆಯದಲ್ಲೇ ಇಸ್ತಾಂಬುಲ್ ಸೇರಿದ ಲಂಡನ್ನಿನ ಅನಾಥ ಹುಡುಗ ಜೇಮ್ಸ್ ರೆಡ್‌ಹೌಸ್ ಜೀವಮಾನವಿಡೀ ಪದ ಕೂಡಿಹಾಕಿದರು, 1890ರಲ್ಲಿ ಅವರ ದೊಡ್ಡ ಟರ್ಕಿಶ್–ಇಂಗ್ಲಿಷ್ ಕೋಶವನ್ನು ಅಮೆರಿಕನ್ ಮಿಷನ್ನಿನವರು ಅಲ್ಲೇ ಅಚ್ಚು ಹಾಕಿಸಿದರು. ನಾಲ್ಕು ವರ್ಷಕ್ಕೆ, 1894ರಲ್ಲಿ, ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನಿಂದ ಕಿಟೆಲ್ಲರ ಕನ್ನಡ–ಇಂಗ್ಲಿಷ್ ಕೋಶ ಬಂತು. ಎರಡೂ ಇಂಗ್ಲಿಷಿನ ಕಡೆ ಮುಖ ಮಾಡಿ ಕೂತಿವೆ. ಆ ಎರಡನ್ನು ಎದುರುಬದುರು ಕೂರಿಸಿ, ನಡುವಿನ ಇಂಗ್ಲಿಷನ್ನು ಮೆಲ್ಲಗೆ ಸರಿಸುವ ಒಬ್ಬ ವಿದ್ಯಾರ್ಥಿ ನಮ್ಮ ಯಾವುದಾದರೂ ವಿಶ್ವವಿದ್ಯಾಲಯದಲ್ಲಿ ಎದ್ದು ಬಂದರೆ, ನನ್ನ ಕೈಲಾದಷ್ಟು ಪ್ರೂಫ್ ನೋಡಿಕೊಡುತ್ತೇನೆ.

ಟರ್ಕಿಶ್ ಓದುವುದು ಕಷ್ಟವಲ್ಲ. 1928ರ ನವೆಂಬರ್ 1ರ ಕಾನೂನಿನಿಂದ ಅರಬ್ಬಿ ಲಿಪಿ ಹೋಗಿ ಲ್ಯಾಟಿನ್ ಲಿಪಿ ಬಂತು. ಮುಸ್ತಫಾ ಕೆಮಾಲ್ ತಾವೇ ಊರೂರಿಗೆ ಹೋಗಿ ಕಪ್ಪುಹಲಗೆಯ ಮುಂದೆ ನಿಂತು ಹೊಸ ಅಕ್ಷರ ತೋರಿಸಿದರು. ಇಪ್ಪತ್ತೊಂಬತ್ತು ಅಕ್ಷರ, ಬರೆದ ಹಾಗೆ ಓದು, ಓದಿದ ಹಾಗೆ ಬರೆ, ನಮ್ಮ ಕನ್ನಡದ ಪದ್ಧತಿಯೇ. ತಡವರಿಸುವುದು ಒಂದೆರಡು ಕಡೆ ಮಾತ್ರ. ‘ದೆಯಿಲ್’ ಬರೆದಲ್ಲಿ ನಡುವೆ ಜಿ ಅಕ್ಷರ ಕಾಣುತ್ತದೆ, ಅದರ ತಲೆಯ ಮೇಲೆ ಬೋಗುಣಿಯಂಥ ಗುರುತು. ಅವರು ಅದಕ್ಕೆ ಮೆತ್ತನೆಯ ‘ಗ’ ಅನ್ನುತ್ತಾರೆ. ಅದನ್ನು ‘ದೆಗಿಲ್’ ಅಂತ ಗಟ್ಟಿಯಾಗಿ ಓದಬೇಡಿ, ದೆಯಿಲ್ ಅನ್ನಿ.